ಹುಟ್ಟಿನಿಂದ ಮುಪ್ಪಿನವರೆಗೆ: ಎರಿಕ್‌ಸನ್ ಹೇಳಿದ ಎಂಟು ಹಂತಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಮನಃಶಾಸ್ತ್ರ, ಬಿ.ಎಡ್., ನರ್ಸಿಂಗ್, ಟಿಇಟಿ – ಯಾವ ಪುಸ್ತಕ ತೆರೆದರೂ ಮನುಷ್ಯನ ಮನಸ್ಸು ಬೆಳೆಯುವ ಹಂತಗಳ ಬಗ್ಗೆ ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್ ಹೆಸರಿನಲ್ಲಿ ಒಂದು ಕೋಷ್ಟಕ ಇದ್ದೇ ಇರುತ್ತದೆ. ಎಂಟು ಸಾಲು, ಪಕ್ಕದಲ್ಲಿ ವಯಸ್ಸು. ಬಾಯಿಪಾಠ ಮಾಡಿದರೆ ಮಾರ್ಕ್ಸ್ ಬರುತ್ತದೆ. ಆದರೆ ಮನೆಯಲ್ಲಿ ಮಗು ಹಟ ಹಿಡಿದಾಗ, ಮಗಳು ಕೋರ್ಸ್ ಬಿಡುತ್ತೇನೆ ಅಂದಾಗ, ಅಪ್ಪ ರಿಟೈರ್ ಆಗಿ ಮಂಕಾಗಿ ಕೂತಾಗ ಆ ಕೋಷ್ಟಕ ಬಾಯಿ ಬಿಡುವುದಿಲ್ಲ. ವಿದ್ಯಾರ್ಥಿಗಳು, ಮೇಷ್ಟ್ರುಗಳು, ಅಪ್ಪ ಅಮ್ಮಂದಿರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಈ ಎರಿಕ್‌ಸನ್ ಯಾರು?

1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಹುಟ್ಟಿದವರು. ತಾಯಿ ಡೆನ್ಮಾರ್ಕಿನ ಯಹೂದಿ. ಹೆತ್ತ ತಂದೆ ಯಾರೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಲತಂದೆ ಹೋಂಬರ್ಗರ್ ಮಕ್ಕಳ ಡಾಕ್ಟರು. ಹುಡುಗನಿಗೂ ಅದೇ ಹೆಸರು ಬಂತು. ಎತ್ತರದ ಹುಡುಗ, ಹೊಂಬಣ್ಣದ ಕೂದಲು, ನೀಲಿ ಕಣ್ಣು. ಶಾಲೆಯಲ್ಲಿ ಜೊತೆಯವರು 'ಇವನು ಯಹೂದಿ' ಎಂದು ದೂರ ಇಟ್ಟರು. ಯಹೂದಿಗಳ ಮಂದಿರಕ್ಕೆ ಹೋದರೆ ಅಲ್ಲಿನವರು 'ಇವನು ನಮ್ಮವನಲ್ಲ' ಅಂದರು. 'ನಾನು ಯಾರು' ಎಂಬ ಪ್ರಶ್ನೆಯನ್ನೇ ಮುಂದೆ ಜೀವಮಾನವಿಡೀ ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಅವರು ಕಾಲೇಜು ಮೆಟ್ಟಿಲು ಹತ್ತಿ ಡಿಗ್ರಿ ಪಡೆದವರಲ್ಲ. ಚಿತ್ರ ಬರೆಯುತ್ತಾ ಊರೂರು ಅಲೆದರು. 1927ರಲ್ಲಿ ಗೆಳೆಯನೊಬ್ಬ ಕರೆದನೆಂದು ವಿಯೆನ್ನಾಕ್ಕೆ ಹೋಗಿ ಒಂದು ಸಣ್ಣ ಶಾಲೆಯಲ್ಲಿ ಮೇಷ್ಟ್ರಾದರು. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಸಿಗ್ಮಂಡ್ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಅಲ್ಲೇ ಇದ್ದರು. ಅವರ ಕೈಕೆಳಗೆ ಮನೋವಿಶ್ಲೇಷಣೆ ಕಲಿತರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷವೇ ಹೆಂಡತಿ ಮಕ್ಕಳೊಂದಿಗೆ ಅಮೆರಿಕಕ್ಕೆ ಹೊರಟರು. 1939ರಲ್ಲಿ ಅಲ್ಲಿನ ಪೌರರಾದಾಗ ತಾವೇ ಆರಿಸಿಕೊಂಡ ಹೆಸರು ಎರಿಕ್‌ಸನ್. ಎಂಟು ಹಂತಗಳನ್ನು ಪುಸ್ತಕವಾಗಿ ಪ್ರಕಟಿಸಿದ್ದು 1950ರಲ್ಲಿ. ಡಿಗ್ರಿ ಇಲ್ಲದಿದ್ದರೂ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದರು. 1994ರಲ್ಲಿ ತೀರಿಕೊಂಡರು.

ಎಂಟು ಹಂತ ಯಾವುವು? ಚಿಕ್ಕದಾಗಿ ಹೇಳಿ.

ಪ್ರತಿ ಹಂತದಲ್ಲೂ ಎರಡು ಗುಣಗಳ ಜಗ್ಗಾಟ ಇರುತ್ತದೆ, ಅದನ್ನೇ ಎರಿಕ್‌ಸನ್ 'ಬಿಕ್ಕಟ್ಟು' ಅಂದರು. ಮೊದಲ ಒಂದೂವರೆ ವರ್ಷ, ನಂಬಿಕೆ ಮತ್ತು ಅಪನಂಬಿಕೆ. ಮೂರು ವರ್ಷದವರೆಗೆ, ಸ್ವಂತಿಕೆ ಒಂದು ಕಡೆ, ನಾಚಿಕೆ ಮತ್ತು ಅನುಮಾನ ಇನ್ನೊಂದು ಕಡೆ. ಶಾಲೆಗೆ ಸೇರುವ ಮುಂಚಿನ ಆಟದ ವಯಸ್ಸಿನಲ್ಲಿ ಮುನ್ನುಗ್ಗುವಿಕೆ ಮತ್ತು ತಪ್ಪಿತಸ್ಥ ಭಾವ. ಆರರಿಂದ ಹನ್ನೆರಡರವರೆಗೆ ದುಡಿಮೆಯ ಹುರುಪು ಮತ್ತು ಕೀಳರಿಮೆ. ಹರೆಯದಲ್ಲಿ ತನ್ನತನ ಮತ್ತು ಪಾತ್ರಗಳ ಗೊಂದಲ. ಇಪ್ಪತ್ತರ ಆಸುಪಾಸಿನಿಂದ ಆತ್ಮೀಯತೆ ಮತ್ತು ಒಂಟಿತನ. ನಡುವಯಸ್ಸಿನಲ್ಲಿ ಮುಂದಿನ ತಲೆಮಾರಿನ ಕಾಳಜಿ ಮತ್ತು ಜಡತೆ. ಮುಪ್ಪಿನಲ್ಲಿ ಬಾಳಿದ್ದನ್ನು ಒಪ್ಪಿಕೊಳ್ಳುವುದು ಮತ್ತು ಹತಾಶೆ. ಪ್ರತಿ ಹಂತದಿಂದಲೂ ಒಂದು ಶಕ್ತಿ ಹುಟ್ಟುತ್ತದೆ ಎಂದು ಅವರು ಆಮೇಲೆ ಸೇರಿಸಿದರು: ಭರವಸೆ, ಇಚ್ಛಾಶಕ್ತಿ, ಗುರಿ, ಸಾಮರ್ಥ್ಯ, ನಿಷ್ಠೆ, ಪ್ರೀತಿ, ಕಾಳಜಿ, ವಿವೇಕ.

ಪಠ್ಯಪುಸ್ತಕಗಳಲ್ಲಿ ಇವೇ 'ಸ್ವಾಯತ್ತತೆ', 'ಉಪಕ್ರಮ', 'ಶ್ರಮಶೀಲತೆ', 'ಅನನ್ಯತೆ', 'ಉತ್ಪಾದಕತೆ', 'ಸಮಗ್ರತೆ' ಎಂಬ ಹೆಸರಿನಲ್ಲಿ ಬರುತ್ತವೆ. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕದಲ್ಲಿರುವುದನ್ನೇ ಬರೆಯಿರಿ.

ಒಂದೊಂದು ಪುಸ್ತಕದಲ್ಲಿ ಒಂದೊಂದು ವಯಸ್ಸು ಕೊಟ್ಟಿದ್ದಾರೆ. ಯಾವುದು ಸರಿ?

ಎಲ್ಲವೂ ಅಂದಾಜು. ಹಂತಗಳ ಸರದಿಯ ಮೇಲೆ ಎರಿಕ್‌ಸನ್ ಒತ್ತು ಕೊಟ್ಟರೇ ಹೊರತು ಹುಟ್ಟುಹಬ್ಬದ ದಿನದ ಮೇಲಲ್ಲ. ಹೊಟ್ಟೆಯೊಳಗಿನ ಭ್ರೂಣದಲ್ಲಿ ಒಂದೊಂದು ಅಂಗಕ್ಕೂ ಬೆಳೆಯಲು ಒಂದು ಹೊತ್ತು ಇರುತ್ತದಲ್ಲ, ಆ ತಿಳಿವಳಿಕೆಯನ್ನೇ ಅವರು ಮನಸ್ಸಿಗೆ ಹಚ್ಚಿದರು. ಒಂದು ಹಂತ ಮುನ್ನೆಲೆಗೆ ಬಂದಾಗ ಮಿಕ್ಕವು ಇಲ್ಲ ಅಂತಲ್ಲ, ಹಿಂದೆ ಇರುತ್ತವೆ. ಎಂಬತ್ತು ವರ್ಷದವರಿಗೂ ನಂಬಿಕೆಯ ಪ್ರಶ್ನೆ ಇದೆ, ಎರಡು ವರ್ಷದ ಕೂಸಿಗೂ 'ನಾನು ಯಾರು' ಎಂಬುದರ ಮೊಳಕೆ ಇದೆ.

'ಬಿಕ್ಕಟ್ಟು' ಅಂದರೆ ಏನೋ ಕೆಟ್ಟದ್ದಾ? ಒಳ್ಳೆಯ ಗುಣ ಗೆಲ್ಲದಿದ್ದರೆ ಫೇಲಾ?

ಅತಿ ಹೆಚ್ಚು ಜನ ತಪ್ಪು ತಿಳಿದಿರುವುದು ಇದನ್ನೇ. ಬಿಕ್ಕಟ್ಟು ಅಂದರೆ ಅನಾಹುತ ಅಲ್ಲ, ಒಂದು ತಿರುವು. ಎರಡೂ ಗುಣ ಬೇಕು; ಒಳ್ಳೆಯದರ ಪಾಲು ಜಾಸ್ತಿ ಇದ್ದರೆ ಸಾಕು. ಯಾರನ್ನು ಕಂಡರೂ ನಂಬುವ ಮಗು ಚಾಕಲೇಟ್ ತೋರಿಸಿದ ಅಪರಿಚಿತನ ಹಿಂದೆ ಹೋಗಿಬಿಡುತ್ತದೆ. ಸ್ವಲ್ಪವೂ ನಾಚಿಕೆ ಇಲ್ಲದವನ ಜೊತೆ ಬಾಳುವುದು ಕಷ್ಟ. ತಪ್ಪಿತಸ್ಥ ಭಾವ ಒಂದಿಷ್ಟೂ ಇಲ್ಲದವನ ಬಗ್ಗೆ ಕೇಳುವುದೇ ಬೇಡ.

ತಮ್ಮ ಪಟ್ಟಿಯನ್ನು ಜನ ಸಾಧನೆಯ ಪಟ್ಟಿ ಮಾಡಿಕೊಂಡರಲ್ಲ ಎಂದು ಎರಿಕ್‌ಸನ್ ಅವರಿಗೇ ಬೇಸರವಿತ್ತು. ಒಮ್ಮೆ ನಂಬಿಕೆ ಗಳಿಸಿದರೆ ಮುಗಿಯಿತು, ಮತ್ತೆ ಅಲುಗಾಡುವುದಿಲ್ಲ ಎಂಬುದು ಯಶಸ್ಸಿನ ಹುಚ್ಚಿರುವ ಸಮಾಜದ ಕಲ್ಪನೆ ಎಂದು ಅವರು ಪುಸ್ತಕದ ಮುಂದಿನ ಆವೃತ್ತಿಯಲ್ಲಿ ಟಿಪ್ಪಣಿಯನ್ನೇ ಸೇರಿಸಿದರು. ನಮ್ಮ ಗೈಡ್‌ಗಳು ಆ ಟಿಪ್ಪಣಿಯನ್ನು ಓದಿಲ್ಲ.

'ಮನೋ-ಸಾಮಾಜಿಕ' ಅಂತ ಯಾಕೆ? ಮನಸ್ಸಿನ ಬೆಳವಣಿಗೆ ಅಂದರೆ ಸಾಲದೆ?

ಸಾಲದು. ನನ್ನನ್ನು ಕೇಳಿದರೆ ಇಡೀ ವಿಚಾರದ ಜೀವ ಇಲ್ಲೇ ಇದೆ. ಪ್ರತಿ ಹಂತದಲ್ಲೂ ಮಗು ಒಂದು ಕೈ ಚಾಚುತ್ತದೆ, ಸುತ್ತಲಿನವರು ಆ ಕೈ ಹಿಡಿಯಬೇಕು. ಹಿಡಿಯದಿದ್ದರೆ ತಪ್ಪು ಚಾಚಿದವರದಲ್ಲ.

1930ರ ದಶಕದ ಕೊನೆಗೆ ಎರಿಕ್‌ಸನ್ ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಪೈನ್ ರಿಡ್ಜ್‌ಗೆ ಹೋದರು. ಸೂ ಎಂಬ ಮೂಲನಿವಾಸಿಗಳು ಇರುವ ಜಾಗ. ಒಂದು ಕಾಲಕ್ಕೆ ಕಾಡೆಮ್ಮೆ ಬೇಟೆಯಾಡುತ್ತಾ ಬಯಲಲ್ಲಿ ಅಲೆದವರು. ಅವರಲ್ಲಿ ಮಗು ಕೇಳಿದಷ್ಟು ಕಾಲ ಮೊಲೆಹಾಲು. ಇದ್ದುದನ್ನು ಹಂಚುವವನೇ ದೊಡ್ಡ ಮನುಷ್ಯ, ಕೂಡಿಡುವವನಲ್ಲ. ಸರ್ಕಾರ ಅಲ್ಲಿ ಬೋರ್ಡಿಂಗ್ ಶಾಲೆ ಮಾಡಿತ್ತು. ಆ ಶಾಲೆಯಲ್ಲಿ ಕಲಿಸುವುದು ಉಳಿತಾಯ, ಪೈಪೋಟಿ, ಗಡಿಯಾರ. 'ಈ ಮಕ್ಕಳಿಗೆ ಯಾವುದರಲ್ಲೂ ಆಸಕ್ತಿ ಇಲ್ಲ, ತಪ್ಪಿಸಿಕೊಂಡು ಓಡುತ್ತಾರೆ' ಎಂದು ಟೀಚರುಗಳ ದೂರು. ಎರಿಕ್‌ಸನ್ ಕಂಡದ್ದು ಬೇರೆ: ಮನೆಯಲ್ಲಿ ಗಟ್ಟಿಯಾಗಿ ಬೆಳೆದ ಮಗುವಿಗೆ, ನಿನ್ನ ಮನೆಯೇ ತಪ್ಪು ಎಂದು ಶಾಲೆ ಹೇಳುತ್ತಿದೆ.

ಆಮೇಲೆ ಅವರು ಉತ್ತರ ಕ್ಯಾಲಿಫೋರ್ನಿಯಾದ ಕ್ಲಾಮತ್ ನದಿ ದಂಡೆಯ ಯೂರೋಕ್ ಜನರ ನಡುವೆ ಹೋದರು. ಇವರು ಸಾಲ್ಮನ್ ಮೀನು ಹಿಡಿಯುವವರು, ಲೆಕ್ಕಾಚಾರದವರು. ಇಲ್ಲಿ ಮೊಲೆ ಬಿಡಿಸುವುದು ಬೇಗ, ಆರು ತಿಂಗಳ ಹೊತ್ತಿಗೆ. ಊಟಕ್ಕೆ ಕೂತ ಮಗುವಿಗೆ ಪಾಠ ಹೀಗೆ: ಅವಸರದಲ್ಲಿ ಬಾಚಬೇಡ. ಚಮಚಕ್ಕೆ ಸ್ವಲ್ಪವೇ ಹಾಕಿಕೋ. ನಿಧಾನವಾಗಿ ಬಾಯಿಗಿಡು. ಅಗಿಯುವಾಗ ಚಮಚ ಕೆಳಗಿಡು. ಅಗಿಯುತ್ತಾ ಮುಂದೆ ಸಿರಿವಂತನಾಗುವ ಬಗ್ಗೆ ಯೋಚಿಸು! ಮೀನಿಗಾಗಿ ಕಾಯಬೇಕಾದ ಜನರ ಮಗು ತುತ್ತಿನಿಂದಲೇ ಕಾಯುವುದನ್ನು ಕಲಿಯುತ್ತದೆ. ಸೂ ಮಗುವೂ ಸರಿಯಾಗಿಯೇ ಬೆಳೆಯಿತು, ಯೂರೋಕ್ ಮಗುವೂ ಸರಿಯಾಗಿಯೇ ಬೆಳೆಯಿತು. ಅವರವರ ಬದುಕಿಗೆ ಅವರವರ ಸಾಕಣೆ.

ನನಗೆ 26 ವಾರದ ರಜೆ ಮುಗಿಯುತ್ತಿದೆ. ಕೆಲಸಕ್ಕೆ ಹೋದರೆ ಮಗುವಿನಲ್ಲಿ ನಂಬಿಕೆ ಬೆಳೆಯುವುದಿಲ್ಲವೇ?

ಬೆಳೆಯುತ್ತದೆ. ಎಷ್ಟು ಹಾಲು ಕೊಟ್ಟಿರಿ, ಎಷ್ಟು ಹೊತ್ತು ಎತ್ತಿಕೊಂಡಿರಿ ಎಂಬ ಲೆಕ್ಕದ ಮೇಲೆ ನಂಬಿಕೆ ನಿಂತಿಲ್ಲ ಎಂದು ಎರಿಕ್‌ಸನ್ ಸ್ಪಷ್ಟವಾಗಿಯೇ ಹೇಳಿದ್ದಾರೆ. ಅತ್ತಾಗ ಯಾರಾದರೂ ಬರುತ್ತಾರೆ, ಪ್ರತಿಸಲವೂ ಹೆಚ್ಚುಕಡಿಮೆ ಹಾಗೇ ಬರುತ್ತಾರೆ – ಮಗುವಿಗೆ ಇದು ಗೊತ್ತಾಗಬೇಕು. ಅಮ್ಮ ಕಣ್ಣಿಂದ ಮರೆಯಾದಾಗ ರಂಪ ಮಾಡದೆ ಇರುವುದೇ ಮಗುವಿನ ಮೊದಲ ಸಾಮಾಜಿಕ ಸಾಧನೆ ಅಂದರು ಅವರು. ಬಾಗಿಲು ದಾಟಿದ ಅಮ್ಮ ಮನಸ್ಸಿನೊಳಗೆ ಇರುತ್ತಾಳೆ, ಅದಕ್ಕೇ ಮಗು ಸುಮ್ಮನಿರುತ್ತದೆ.

ಅಜ್ಜಿ, ಅಪ್ಪ, ಒಳ್ಳೆಯ ಆಯಾ, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿ ನಡೆಸುವ ಕೂಸಿನ ಮನೆ – ಯಾರೇ ಆಗಲಿ, ವಾರಕ್ಕೊಬ್ಬರಂತೆ ಮುಖ ಬದಲಾಗದಿದ್ದರೆ ಒಳ್ಳೆಯದು. ಹೊರಡುವಾಗ ಕದ್ದು ಓಡಬೇಡಿ. ಅತ್ತರೂ ಪರವಾಗಿಲ್ಲ, ಹೇಳಿ ಹೋಗಿ. ಇನ್ನು, 'ತಾಯಿ ಮನೆಯಲ್ಲಿದ್ದಿದ್ದರೆ ಮಗು ಹೀಗಾಗುತ್ತಿರಲಿಲ್ಲ' ಎಂದು ಎರಿಕ್‌ಸನ್ ಹೆಸರು ಹೇಳಿ ಗದರಿಸುವವರು ಸಿಕ್ಕರೆ, ಅಂಥವರು ಎರಿಕ್‌ಸನ್ ಅವರನ್ನು ಓದಿಲ್ಲ ಅಂದುಕೊಳ್ಳಿ.

ಮಗಳಿಗೆ ಎರಡೂವರೆ ವರ್ಷ. ಎಲ್ಲದಕ್ಕೂ 'ಬೇಡ', 'ನಾನೇ'. ಹೊಡೆದರೂ ಕೇಳಲ್ಲ.

ಮೊದಲು ಹೊಡೆಯುವುದನ್ನು ನಿಲ್ಲಿಸಿ. ಈ ವಯಸ್ಸಿನ ಕೆಲಸವೇ 'ನಾನೇ' ಅನ್ನುವುದು. ಬಸ್ಸಿಗೆ ಹೊತ್ತಾಗಿರುತ್ತದೆ. ಇವಳು ಮೆಟ್ಟಿಲ ಮೇಲೆ ಕೂತು ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ತುರುಕುತ್ತಿರುತ್ತಾಳೆ. ಪಟ್ಟಿ ಹಿಮ್ಮಡಿಗೆ ಏರುವುದಿಲ್ಲ. ನೀವು ಕೈ ಹಾಕಿದಿರೋ, ಕಿತ್ತೆಸೆದು ಮೊದಲಿಂದ ಶುರು. ಆ ನಾಲ್ಕು ನಿಮಿಷ ಕೊಡಲು ಆಗುವ ದಿನ ಕೊಡಿ. ಆಗದ ದಿನ ಎತ್ತಿಕೊಂಡು ಹೊರಡಿ, ಅದರಿಂದ ಏನೂ ಹಾಳಾಗುವುದಿಲ್ಲ. ಎರಡು ಅಂಗಿ ತೋರಿಸಿ 'ಯಾವುದು ಬೇಕು?' ಅನ್ನಿ. ರಸ್ತೆ ದಾಟುವಾಗ ಮಾತ್ರ ಆಯ್ಕೆ ಇಲ್ಲ, ಕೈ ಹಿಡಿಯಲೇಬೇಕು.

ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸ ಇದೆ. ಮಗು ಚಡ್ಡಿಯಲ್ಲಿ ಉಚ್ಚೆ ಮಾಡಿಕೊಂಡರೆ ಮನೆಮಂದಿಯೆಲ್ಲ ಸೇರಿ 'ಶೇಮ್ ಶೇಮ್' ಅನ್ನುವುದು. ಬಂದ ನೆಂಟರ ಎದುರಿಗೂ ಹೇಳಿ ನಗುವುದು. ನಾಚಿಕೆ ಅಂದರೆ ಎಲ್ಲರ ಕಣ್ಣೂ ತನ್ನ ಮೇಲಿದೆ ಅನ್ನಿಸುವುದು. ಅದನ್ನು ಅತಿಯಾಗಿ ಹೇರಿದರೆ ಮಗು ಸಭ್ಯ ಆಗುವುದಿಲ್ಲ, ಯಾರೂ ನೋಡದಾಗ ಮಾಡಿ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ ಎಂದು ಎರಿಕ್‌ಸನ್ ಬರೆದರು. ಎಷ್ಟು ನಿಜ ಅಂತ ಹತ್ತನೇ ಕ್ಲಾಸಿನ ಮೇಷ್ಟ್ರನ್ನು ಕೇಳಿ.

ನಾಲ್ಕು ವರ್ಷದ ಮಗನ ಪ್ರಶ್ನೆಗಳಿಗೆ ಕೊನೆಯೇ ಇಲ್ಲ. ಉತ್ತರಿಸಲೇಬೇಕಾ?

ಗೊತ್ತಿದ್ದಷ್ಟು ಹೇಳಿ, ಸುಸ್ತಾದಾಗ 'ಆಮೇಲೆ' ಅನ್ನಿ. 'ತಲೆ ತಿನ್ಬೇಡ' ಎಂದು ದಿನಾ ಕೇಳಿದ ಮಗುವಿಗೆ, ಕೇಳುವುದೇ ತಪ್ಪು ಅನ್ನಿಸುತ್ತದೆ. ಮೂರನೆಯ ಹಂತದ ತಪ್ಪಿತಸ್ಥ ಭಾವ ಅಂದರೆ ಇದೇ. ಆಟ ಆಡಲು ಬಿಡಿ. ಮೇಷ್ಟ್ರಾಟ, ಡಾಕ್ಟರಾಟ, ಬಸ್ ಕಂಡಕ್ಟರ್ ಆಟ, ಇವೆಲ್ಲ ದೊಡ್ಡವರಾಗಿ ನೋಡುವ ಪ್ರಯತ್ನವೇ.

ಮೂರನೇ ಕ್ಲಾಸಿನ ಹುಡುಗ 'ನಂಗೇನೂ ಬರಲ್ಲ' ಅನ್ನುತ್ತಾನೆ. ಏನು ಮಾಡಲಿ?

ಒಂದು ಕೆಲಸ ಶುರುಮಾಡಿ ಮುಗಿಸುವ ಸುಖ ಅವನಿಗೆ ಸಿಗಲಿ. ಈ ವಯಸ್ಸಿನ ಮಕ್ಕಳಿಗೆ ಜಗತ್ತಿನ ಎಲ್ಲ ಸಮಾಜವೂ ಏನಾದರೂ ಕೆಲಸ ಕಲಿಸುತ್ತದೆ. ಶಾಲೆಯೇ ಇರಬೇಕಿಲ್ಲ. ಸೈಕಲ್ ಪಂಕ್ಚರ್ ಹಾಕುವುದು, ಚಪಾತಿ ಲಟ್ಟಿಸುವುದು, ಮೇಕೆ ಮೇಯಿಸುವುದು, ಹದಿನಾಲ್ಕರ ಮಗ್ಗಿ, ಯಾವುದಾದರೂ ಸರಿ. 'ಇದು ನನ್ನ ಕೈಲಾಗುತ್ತದೆ' ಅನ್ನಿಸಬೇಕು. ಸುಮ್ನೆ ಹೊಗಳಿದರೆ ಆಗುವುದಿಲ್ಲ, ಪೊಳ್ಳು ಹೊಗಳಿಕೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಆದರೆ ಎಲ್ಲವೂ ಮನೆಯವರ ಕೈಯಲ್ಲಿಲ್ಲ. ಕಲಿಯುವ ಆಸೆಗಿಂತ ಚರ್ಮದ ಬಣ್ಣ, ಅಪ್ಪ ಅಮ್ಮನ ಹಿನ್ನೆಲೆ, ಬಟ್ಟೆಯ ಬೆಲೆ ಇವೇ ತನ್ನ ಯೋಗ್ಯತೆಯನ್ನು ನಿರ್ಧರಿಸುತ್ತವೆ ಎಂದು ಮಗುವಿಗೆ ಶಾಲೆಯಲ್ಲಿ ಗೊತ್ತಾದಾಗ ಕೀಳರಿಮೆ ಬೇರು ಬಿಡುತ್ತದೆ – 1950ರ ಅಮೆರಿಕದಲ್ಲಿ ಕೂತು ಎರಿಕ್‌ಸನ್ ಹೇಳಿದ ಮಾತು ಇದು. ನಮ್ಮಲ್ಲಿ ಬಣ್ಣದ ಜೊತೆ ಜಾತಿ ಸೇರಿಸಿಕೊಳ್ಳಿ, ಬಟ್ಟೆಯ ಜೊತೆ ಇಂಗ್ಲಿಷ್ ಮೀಡಿಯಂ. ಬೀದರ್ ಕಡೆಯ ಅಥವಾ ಚಾಮರಾಜನಗರ ಕಡೆಯ ಮಗು ಮನೆಮಾತಿನಲ್ಲಿ ಉತ್ತರ ಹೇಳಿದಾಗ ಕ್ಲಾಸ್ ನಕ್ಕು, ಟೀಚರೂ ನಕ್ಕರೆ, ಆ ಮಗುವಿಗೆ ಆತ್ಮವಿಶ್ವಾಸದ ಕ್ಯಾಂಪ್ ಬೇಕಿಲ್ಲ. ನಗುವುದು ನಿಲ್ಲಬೇಕು.

ಎಸ್ಸೆಸ್ಸೆಲ್ಸಿ ಮುಗಿದ ಮಗಳಿಗೆ ಸೈನ್ಸ್ ಕೊಡಿಸಿದೆವು. ಈಗ 'ಇದು ನನ್ನದಲ್ಲ' ಅನ್ನುತ್ತಾಳೆ. ಇದೇ ಐಡೆಂಟಿಟಿ ಕ್ರೈಸಿಸ್ಸಾ?

ಇರಬಹುದು. ಐಡೆಂಟಿಟಿ ಕ್ರೈಸಿಸ್ ಅಂದರೆ ತನ್ನತನದ ಬಿಕ್ಕಟ್ಟು, ಅದು ಕಾಯಿಲೆಯಂತೂ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಚಿಕಿತ್ಸಾ ಕೇಂದ್ರದಲ್ಲಿ ಯುದ್ಧದಿಂದ ಬಂದ ಸೈನಿಕರನ್ನು ನೋಡುತ್ತಾ ಎರಿಕ್‌ಸನ್ ಈ ಮಾತನ್ನು ಮೊದಲು ಬಳಸಿದರು. ಆ ಸೈನಿಕರಿಗೆ ಹೆಸರು ನೆನಪಿತ್ತು, ಊರು ನೆನಪಿತ್ತು. ಆದರೆ ನಿನ್ನೆಯ ನಾನೇ ಇವತ್ತಿನ ನಾನು ಎಂಬ ಹಿಡಿತ ತಪ್ಪಿತ್ತು. ಹರೆಯದವರಲ್ಲಿ ಇದೇ ಸಣ್ಣ ಪ್ರಮಾಣದಲ್ಲಿ, ಸಹಜವಾಗಿ ಆಗುತ್ತದೆ ಎಂದು ಅವರಿಗೆ ಆಮೇಲೆ ಹೊಳೆಯಿತು.

1966ರಲ್ಲಿ ಜೇಮ್ಸ್ ಮಾರ್ಸಿಯಾ ಎಂಬ ಮನಃಶಾಸ್ತ್ರಜ್ಞ ಇದನ್ನು ನಾಲ್ಕು ಸ್ಥಿತಿಗಳಾಗಿ ಬಿಡಿಸಿದರು. ಹುಡುಕಾಟವೂ ಇಲ್ಲ, ತೀರ್ಮಾನವೂ ಇಲ್ಲ – ಇದು ಒಂದು. ಹುಡುಕಾಟ ನಡೆದಿದೆ, ತೀರ್ಮಾನ ಇನ್ನೂ ಆಗಿಲ್ಲ – ಎರಡು. ಹುಡುಕಿ, ನೋಡಿ, ತೀರ್ಮಾನಕ್ಕೆ ಬಂದದ್ದು ಮೂರು. ಹುಡುಕದೆಯೇ ತೀರ್ಮಾನ ಆಗಿಹೋಗಿರುವುದು ನಾಲ್ಕು. ಈ ಕೊನೆಯದು ನಮ್ಮ ಮನೆಗಳಲ್ಲಿ ಬಹಳ ಜಾಸ್ತಿ. ತೊಟ್ಟಿಲಲ್ಲಿರುವಾಗಲೇ 'ನಮ್ಮ ಡಾಕ್ಟರಮ್ಮ'. ಹದಿನಾರಕ್ಕೆ ಪಿಸಿಎಂಬಿ, ಆಮೇಲೆ ನೀಟ್, ಸಿಇಟಿ. ತೀರ್ಮಾನ ಯಾರದು ಎಂದು ಯಾರೂ ಕೇಳುವುದಿಲ್ಲ. ಹಾಗೆ ಹೋದವರು ಎಲ್ಲರೂ ಹಾಳಾಗುತ್ತಾರೆ ಅಂತಲ್ಲ, ಎಷ್ಟೋ ಜನ ನೆಮ್ಮದಿಯಾಗಿಯೇ ಇದ್ದಾರೆ. ಆದರೆ ಅನುಮಾನ ಬಂದಾಗ ಹುಡುಕಲು ಜಾಗ ಬೇಕು.

ನಿಮ್ಮ ಮಗಳಿಗೆ ಬೇಕಾದದ್ದು ಅಂಥ ಸ್ವಲ್ಪ ಬಿಡುವು. ಎರಿಕ್‌ಸನ್ ಇದಕ್ಕೆ 'ಮೊರಟೋರಿಯಂ' ಅಂದರು. ಸ್ವತಃ ಅವರೇ ಇಪ್ಪತ್ತರ ಹರೆಯದಲ್ಲಿ ಚಿತ್ರದ ಹಾಳೆ ಹಿಡಿದು ಯೂರೋಪ್ ಸುತ್ತಿದ್ದರಲ್ಲ. ಬಡವರ ಮನೆಯಲ್ಲಿ ಆ ಬಿಡುವು ಸಿಗುವುದಿಲ್ಲ ಎಂಬುದೂ ನಿಜ. ಹದಿನೇಳಕ್ಕೆ ಗಾರ್ಮೆಂಟ್ಸ್ ಕೆಲಸಕ್ಕೆ ನಿಂತ ಹುಡುಗಿಗೆ ಹುಡುಕಾಟದ ಕಾಲ ಎಲ್ಲಿದೆ? ನೀವು ಮಗಳಿಗೆ ಕಾಮರ್ಸ್ ಅಥವಾ ಆರ್ಟ್ಸ್‌ಗೆ ಬದಲಾಯಿಸಿಕೊಡಬಲ್ಲಿರಾದರೆ, ಒಂದು ವರ್ಷ ಹೋಯಿತೆಂದು ಲೆಕ್ಕ ಹಾಕಬೇಡಿ.

ಹೆಂಗಸರ ಬದುಕಿಗೆ ಈ ಸರದಿ ಹೊಂದುತ್ತದಾ? ಮೊದಲು ತನ್ನತನ, ಆಮೇಲೆ ಆತ್ಮೀಯತೆ ಅಂತಾರಲ್ಲ.

ಸರಿಯಾದ ಪ್ರಶ್ನೆ. ಎರಿಕ್‌ಸನ್ ಮನಸ್ಸಿನಲ್ಲಿದ್ದ ಮಾದರಿ ಬಹುಮಟ್ಟಿಗೆ ಗಂಡಸಿನದು. ಮಕ್ಕಳು ಮರದ ತುಂಡು ಜೋಡಿಸುವುದನ್ನು ನೋಡಿ, ಹುಡುಗರು ಗೋಪುರ ಕಟ್ಟುತ್ತಾರೆ, ಹುಡುಗಿಯರು ಒಳಾಂಗಣ ಮಾಡುತ್ತಾರೆ, ಅದಕ್ಕೆ ದೇಹರಚನೆಯೇ ಕಾರಣ ಎಂದು ಅವರು ಅರ್ಥ ಮಾಡಿದ್ದು ಕಟುಟೀಕೆಗೆ ಗುರಿಯಾಯಿತು. ಹಾರ್ವರ್ಡ್‌ನಲ್ಲಿ ಅವರ ಜೊತೆ ಪಾಠ ಮಾಡಿದ್ದ ಕ್ಯಾರಲ್ ಗಿಲಿಗನ್ 1982ರಲ್ಲಿ ಇನ್ನೊಂದು ಮಾತು ಎತ್ತಿದರು: ಹೆಂಗಸರಲ್ಲಿ ತನ್ನತನ ಮತ್ತು ಆತ್ಮೀಯತೆ ಒಂದರ ಹಿಂದೊಂದು ಬರುವುದಿಲ್ಲ, ಒಟ್ಟಿಗೇ ಹೆಣೆದುಕೊಳ್ಳುತ್ತವೆ.

ನೋಡಿ ಮಾಡುವ ಮದುವೆಗಳಲ್ಲಂತೂ ಇಪ್ಪತ್ತೊಂದಕ್ಕೆ ಮದುವೆ, ಇಪ್ಪತ್ಮೂರಕ್ಕೆ ಮಗು, ಮಗ ಕಾಲೇಜಿಗೆ ಹೋದ ಮೇಲೆ 'ನನಗೆ ಏನು ಇಷ್ಟ?' ಎಂಬ ಪ್ರಶ್ನೆ. ನಲವತ್ತೈದಕ್ಕೆ ಹೊಲಿಗೆ ಅಂಗಡಿ ತೆರೆದು, ಸ್ಕೂಟಿ ಕಲಿತು, ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಕಟ್ಟಿದ ಹೆಂಗಸರು ನಿಮ್ಮ ಬೀದಿಯಲ್ಲೂ ಇದ್ದಾರು. ಅವರ ಐದನೆಯ ಹಂತ ಏಳನೆಯದರ ಜೊತೆ ನಡೆಯುತ್ತಿದೆ.

ನಮ್ಮ ಆಶ್ರಮ ಪದ್ಧತಿಯಲ್ಲಿ ಇದೆಲ್ಲ ಮೊದಲೇ ಇತ್ತಲ್ಲ?

ಹೋಲಿಕೆ ಇದೆ. ಎರಿಕ್‌ಸನ್‌ಗೂ ಅದು ಗೊತ್ತಿತ್ತು. 1962ರಲ್ಲಿ ಅವರು ಅಹಮದಾಬಾದಿಗೆ ಬಂದಿದ್ದರು. ಅಲ್ಲಿ 1918ರ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ಗಾಂಧೀಜಿ ಉಪವಾಸ ಕೂತದ್ದರ ಸುತ್ತ ಒಂದು ಪುಸ್ತಕವನ್ನೇ ಬರೆದರು. 1969ರಲ್ಲಿ ಬಂದ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಇಂಜಿನಿಯರಿಂಗ್ ಓದಿದ್ದ ಸುಧೀರ್ ಕಾಕರ್ ಅವರಿಗೆ ಎರಿಕ್‌ಸನ್ ಸಿಕ್ಕಿದ್ದೂ ಅಹಮದಾಬಾದಿನಲ್ಲೇ. ಮುಂದೆ ಕಾಕರ್ ಭಾರತದ ಹೆಸರಾಂತ ಮನೋವಿಶ್ಲೇಷಕರಾದರು, ಆಶ್ರಮಗಳನ್ನೂ ಎಂಟು ಹಂತಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

ಆದರೆ ಎರಡೂ ಒಂದೇ ಅನ್ನುವುದು ಉತ್ಸಾಹದ ಮಾತು. ಆಶ್ರಮ ಪದ್ಧತಿ ಮನುಷ್ಯ ಹೇಗೆ ಬಾಳಬೇಕು ಎಂದು ಹೇಳುತ್ತದೆ, ಅದೂ ಉಪನಯನವಾದ ಗಂಡಸರಿಗೆ. ಹೆಂಗಸರು, ಶೂದ್ರರು, ದಲಿತರು ಆ ಚೌಕಟ್ಟಿನ ಹೊರಗೆ. ಬಾಲ್ಯಕ್ಕೆ ಅಲ್ಲಿ ಪ್ರತ್ಯೇಕ ಆಶ್ರಮವೇ ಇಲ್ಲ. ಎರಿಕ್‌ಸನ್ ಹೇಳಹೊರಟದ್ದು ಎಲ್ಲರ ಮನಸ್ಸೂ ಹೇಗೆ ಬೆಳೆಯುತ್ತದೆ ಎಂದು. ಇನ್ನು ಬರೋಡಾದ ಟಿ. ಎಸ್. ಸರಸ್ವತಿ ಎತ್ತಿದ ಪ್ರಶ್ನೆ ಇನ್ನೂ ಹರಿತವಾದದ್ದು: ಬಾಲ್ಯದಿಂದ ನೇರವಾಗಿ ದೊಡ್ಡವರ ಕೆಲಸಕ್ಕೆ ಇಳಿಯುವ ಭಾರತದ ಬಹುಪಾಲು ಮಕ್ಕಳಿಗೆ ಹರೆಯ ಎಂಬ ಪ್ರತ್ಯೇಕ ಕಾಲ ನಿಜವಾಗಿ ಇದೆಯೇ?

ನಮಗೆ ಮಕ್ಕಳಿಲ್ಲ. ಹಾಗಾದರೆ ಏಳನೆಯ ಹಂತ ನಮಗೆ ಇಲ್ಲವೇ?

ಖಂಡಿತ ಇದೆ. ಮಕ್ಕಳಿದ್ದ ಮಾತ್ರಕ್ಕೆ ಈ ಹಂತ ದಾಟಿದಂತಲ್ಲ, ಇಲ್ಲದಿದ್ದರೆ ತಪ್ಪಿತು ಅಂತಲೂ ಅಲ್ಲ ಎಂದು ಎರಿಕ್‌ಸನ್ ಬಿಡಿಸಿ ಹೇಳಿದ್ದಾರೆ. ಮುಂದೆ ಬರುವವರಿಗಾಗಿ ಏನನ್ನಾದರೂ ಬೆಳೆಸುವುದು, ಕಲಿಸುವುದು, ಉಳಿಸುವುದು ಮುಖ್ಯ. ಗ್ಯಾರೇಜಿಗೆ ಬಂದ ಹುಡುಗನಿಗೆ ಇಂಜಿನ್ ಬಿಚ್ಚಲು ಕಲಿಸುವ ಮೆಕ್ಯಾನಿಕ್ ಮಾಡುತ್ತಿರುವುದೂ ಇದನ್ನೇ. ಕರ್ನಾಟಕದವರಿಗೆ ಉದಾಹರಣೆ ಹುಡುಕಬೇಕಿಲ್ಲ: ಮಕ್ಕಳಿಲ್ಲದ ಸಾಲುಮರದ ತಿಮ್ಮಕ್ಕ ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್‌–ಕುದೂರು ರಸ್ತೆಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. 2019ರಲ್ಲಿ ಪದ್ಮಶ್ರೀ ಬಂತು.

ದೊಡ್ಡವರಿಗೂ ಚಿಕ್ಕವರು ಬೇಕು, ತಾನು ಯಾರಿಗಾದರೂ ಬೇಕಾಗಿದ್ದೇನೆ ಅನ್ನಿಸಬೇಕು – ಎರಿಕ್‌ಸನ್ ಒತ್ತಿ ಹೇಳಿದ ಸಂಗತಿ ಇದು. ಅದು ಸಿಗದವರು ತಮಗೆ ತಾವೇ ಒಬ್ಬನೇ ಮುದ್ದಿನ ಮಗನಾಗಿ, ತಮ್ಮನ್ನೇ ಮುದ್ದಿಸುತ್ತಾ ಕೂರುತ್ತಾರಂತೆ. ಜಡತೆಯನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ನನಗೆ ಬರುವುದಿಲ್ಲ.

ಇಲ್ಲೊಂದು ತಮಾಷೆ ಇದೆ. ಮೊದಲು ಸಿದ್ಧವಾಗಿದ್ದ ಪಟ್ಟಿಯಲ್ಲಿ ಈ ಹಂತವೇ ಇರಲಿಲ್ಲ. ಎರಿಕ್‌ಸನ್ ಭಾಷಣಕ್ಕೆ ಹೊರಟಿದ್ದರು. ಬರ್ಕ್ಲಿಯಿಂದ ರೈಲು ಹಿಡಿಯಲು ಕಾರಿನಲ್ಲಿ ಹೋಗುವಾಗ ಹೆಂಡತಿ ಜೋನ್ ತೊಡೆಯ ಮೇಲೆ ಕೋಷ್ಟಕದ ಹಾಳೆ ಇಟ್ಟುಕೊಂಡು ನೋಡುತ್ತಿದ್ದರು. ಪ್ರೀತಿಯ ಹಂತ ಮುಗಿದ ಕೂಡಲೇ ಮುಪ್ಪು! ಮೂರು ಮಕ್ಕಳನ್ನು ಸಾಕುತ್ತಾ ಅವರಿಬ್ಬರು ಆಗ ಬಾಳುತ್ತಿದ್ದ ವಯಸ್ಸೇ ಬಿಟ್ಟುಹೋಗಿತ್ತು. ಹಾಗೆ ಏಳು ಇದ್ದದ್ದು ಎಂಟಾಯಿತು.

ನಡುವಯಸ್ಸಿನ ಬಿಕ್ಕಟ್ಟು ಅಂತ ಹೇಳಿದ್ದೂ ಎರಿಕ್‌ಸನ್ನಾ?

ಅಲ್ಲ. 'ಮಿಡ್‌ಲೈಫ್ ಕ್ರೈಸಿಸ್' ಎಂಬ ಮಾತು 1965ರಲ್ಲಿ ಎಲಿಯಟ್ ಜಾಕ್ಸ್ ಎಂಬವರ ಲೇಖನದಿಂದ ಬಂದದ್ದು. ಎಲ್ಲರಿಗೂ ಬರುವಂಥದ್ದಲ್ಲ. ನಲವತ್ತೈದಕ್ಕೆ ಬುಲೆಟ್ ಕೊಂಡವರೆಲ್ಲ ಬಿಕ್ಕಟ್ಟಿನಲ್ಲಿಲ್ಲ. ಕೆಲವರ ಕೈಗೆ ಆಗಷ್ಟೇ ದುಡ್ಡು ಬಂದಿರುತ್ತದೆ.

ಅಜ್ಜಿ ಅದದೇ ಹಳೆ ಕಥೆ ಹೇಳುತ್ತಾರೆ. ಕೇಳಬೇಕಾ, ತಡೆಯಬೇಕಾ?

ಕೇಳಿ. ಅದು ಸುಮ್ಮನೆ ಹರಟೆಯಲ್ಲ. ಮುಪ್ಪಿನಲ್ಲಿ ಬದುಕನ್ನು ಹಿಂತಿರುಗಿ ನೋಡುವುದು ಸಹಜವಾದ, ಬೇಕಾದ ಕೆಲಸ ಎಂದು 1963ರಲ್ಲೇ ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ ಬರೆದರು. ಅದಕ್ಕೂ ಮುಂಚೆ ಅದನ್ನು ಮುದಿ ಬುದ್ಧಿಯ ಲಕ್ಷಣ ಅನ್ನುತ್ತಿದ್ದರು. ಎರಿಕ್‌ಸನ್ ಹೇಳುವ ಎಂಟನೆಯ ಹಂತವೂ ಇದೇ: ನನಗೆ ಸಿಕ್ಕಿದ್ದು ಇದೊಂದೇ ಬದುಕು, ಇದು ಹೀಗೆಯೇ ಆಗಬೇಕಿತ್ತು ಎಂದು ಒಪ್ಪಿಕೊಳ್ಳುವುದು. ಒಪ್ಪಲಾಗದಿದ್ದರೆ, ಇನ್ನೊಂದು ದಾರಿ ಹಿಡಿಯಲು ಕಾಲವೂ ಉಳಿದಿಲ್ಲವಲ್ಲ ಎಂಬ ಹತಾಶೆ. ಅಜ್ಜಿ ಹೇಳುವ ಕಥೆಯಲ್ಲಿ ಪಾಲಾದ ಜಮೀನು, ತೀರಿಕೊಂಡ ಮಗು, ಓದಲು ಬಿಡದ ಅಪ್ಪ ಮತ್ತೆ ಮತ್ತೆ ಬಂದರೆ, ಆ ಗಂಟು ಇನ್ನೂ ಬಿಚ್ಚಿಕೊಂಡಿಲ್ಲ ಅಂತ. 'ಆಮೇಲೆ ಏನು ಮಾಡಿದ್ರಿ ಅಜ್ಜಿ?' ಅಂತ ಒಂದು ಪ್ರಶ್ನೆ ಕೇಳಿ ನೋಡಿ, ಕಥೆ ಎಷ್ಟೋ ಸಲ ಹೊಸ ಕಡೆ ತಿರುಗುತ್ತದೆ.

ಒಂದು ವ್ಯತ್ಯಾಸ ಗಮನಿಸಿ. ಹಳೆ ಕಥೆಯನ್ನು ವಾರಕ್ಕೊಮ್ಮೆ ಹೇಳುವುದು ಬೇರೆ. ಐದು ನಿಮಿಷದ ಹಿಂದೆ ಹೇಳಿದ್ದೇ ನೆನಪಿಲ್ಲದೆ ಮತ್ತೆ ಹೇಳುವುದು, ಮನೆ ದಾರಿ ತಪ್ಪುವುದು, ಹಾಲು ಒಲೆಯ ಮೇಲಿಟ್ಟು ಪದೇ ಪದೇ ಮರೆಯುವುದು ಬೇರೆ. ಎರಡನೆಯದಾದರೆ ಡಾಕ್ಟರಿಗೆ ತೋರಿಸಿ.

ಒಂಬತ್ತನೆಯ ಹಂತ ಇದೆಯಂತೆ?

ಇದೆ. ಎರಿಕ್‌ಸನ್ ತೀರಿಕೊಂಡ ಮೇಲೆ, 1997ರಲ್ಲಿ ಜೋನ್ ಸೇರಿಸಿದರು. ಆಗ ಅವರಿಗೇ ತೊಂಬತ್ತು ದಾಟಿತ್ತು. ಎಂಬತ್ತು ತೊಂಬತ್ತರಲ್ಲಿ ಹಳೆಯ ಎಂಟೂ ಬಿಕ್ಕಟ್ಟು ಮತ್ತೆ ಎದುರಾಗುತ್ತವೆ, ಈ ಸಲ ಕೆಟ್ಟ ತುದಿ ಮುಂದಾಗಿ. ಸ್ವಂತ ಕಾಲನ್ನೇ ನಂಬಲಾಗದು. ಬಚ್ಚಲಿಗೆ ಹೋಗಲೂ ಇನ್ನೊಬ್ಬರ ಕೈ ಬೇಕಾದಾಗ ಎರಡು ವರ್ಷದ ಮಗುವಿನ ನಾಚಿಕೆ ಮರಳುತ್ತದೆ. ಅರವತ್ತೈದರಲ್ಲಿ ಕೂತು ಮುಪ್ಪಿನ ಬಗ್ಗೆ ಬರೆಯುವುದಕ್ಕೂ ತೊಂಬತ್ತರಲ್ಲಿ ಕೂತು ಬರೆಯುವುದಕ್ಕೂ ಇರುವ ವ್ಯತ್ಯಾಸ ಆ ಪುಟಗಳಲ್ಲಿ ಕಾಣುತ್ತದೆ.

ಚಿಕ್ಕಂದಿನಲ್ಲಿ ಒಂದು ಹಂತ ಕೆಟ್ಟರೆ ಮುಂದಿನದೆಲ್ಲ ಕೆಟ್ಟಂತೆಯೇ?

ಇಲ್ಲ. ಕಷ್ಟ ಹೆಚ್ಚುತ್ತದೆ, ಬಾಗಿಲು ಮುಚ್ಚುವುದಿಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಒಂದು ಅಧ್ಯಯನ ಅನಾಥಾಲಯದ 136 ಮಕ್ಕಳನ್ನು ಹಿಂಬಾಲಿಸಿತು. ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟರು. ಸಾಕುಮನೆಗೆ ಹೋದ ಮಕ್ಕಳು, ಅದರಲ್ಲೂ ಎರಡು ವರ್ಷ ತುಂಬುವ ಮೊದಲೇ ಹೋದವರು, ಸಾಕಿದವರ ಜೊತೆ ಬಾಂಧವ್ಯ ಕಟ್ಟಿಕೊಳ್ಳುವುದರಲ್ಲಿ ಬಹಳ ಚೇತರಿಸಿಕೊಂಡರು. ಬೇಗ ಸಿಕ್ಕರೆ ಒಳ್ಳೆಯದು ಅನ್ನುವುದೂ ನಿಜ, ಸರಿಹೋಗುತ್ತದೆ ಅನ್ನುವುದೂ ನಿಜ. ದೊಡ್ಡವರಾದ ಮೇಲೂ ಒಬ್ಬ ಒಳ್ಳೆಯ ಮೇಷ್ಟ್ರು, ಒಬ್ಬ ಗೆಳತಿ, ಒಳ್ಳೆಯ ಮದುವೆ ಹಳೆಯ ಅಪನಂಬಿಕೆಯನ್ನು ಸಡಿಲಿಸುವುದುಂಟು.

ಇದಕ್ಕೆ ವೈಜ್ಞಾನಿಕ ಪುರಾವೆ ಇದೆಯಾ?

ಭಾಗಶಃ. ಎರಿಕ್‌ಸನ್ ಬರೆದದ್ದು ರೋಗಿಗಳನ್ನು, ಮಕ್ಕಳ ಆಟವನ್ನು, ಬೇರೆ ಬೇರೆ ಜನರನ್ನು ನೋಡಿ. ಅಳೆದು ತೂಗಿ ಅಲ್ಲ. 'ಬಾಳನ್ನು ಒಪ್ಪಿಕೊಂಡೆ' ಎಂಬುದನ್ನು ಯಾವ ಮಾಪಕದಲ್ಲಿ ಅಳೆಯುವುದು? 1938ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾಗಿ ದಶಕಗಟ್ಟಲೆ ನಡೆದ ಅಧ್ಯಯನವನ್ನು ಬಹುಕಾಲ ನಡೆಸಿದ ಜಾರ್ಜ್ ವ್ಯಾಲಂಟ್, ದೊಡ್ಡವರ ಹಂತಗಳಿಗೆ ಅಲ್ಲಿ ಆಧಾರ ಕಂಡರು. ಜೊತೆಗೆ ಆತ್ಮೀಯತೆ ಮತ್ತು ಕಾಳಜಿಯ ನಡುವೆ ವೃತ್ತಿಯಲ್ಲಿ ನೆಲೆನಿಲ್ಲುವ ಹಂತವೊಂದು ಬೇಕು ಅಂದರು. ಆದರೆ ಶುರುವಿನಲ್ಲಿ ಅದರಲ್ಲಿದ್ದವರೆಲ್ಲ ಗಂಡಸರು. ನಾನಂತೂ ಎಂಟು ಹಂತಗಳನ್ನು ಕಾನೂನು ಎಂದು ಓದುವುದಿಲ್ಲ. ಮನುಷ್ಯರನ್ನು ನೋಡುವಾಗ ಯಾವ ಪ್ರಶ್ನೆ ಕೇಳಬೇಕು ಎಂದು ತಿಳಿಯಲು ಓದುತ್ತೇನೆ.

ಟಿಇಟಿಗೆ ಓದುವಾಗ ಫ್ರಾಯ್ಡ್, ಪಿಯಾಜೆ, ಕೋಲ್ಬರ್ಗ್ ಎಲ್ಲ ಕಲಸಿಹೋಗುತ್ತಾರೆ.

ಫ್ರಾಯ್ಡ್: ಮನೋ-ಲೈಂಗಿಕ, ಐದು ಹಂತ, ಹರೆಯಕ್ಕೆ ಮುಗಿಯುತ್ತದೆ. ಪಿಯಾಜೆ: ಮಗು ಹೇಗೆ ಯೋಚಿಸುತ್ತದೆ, ನಾಲ್ಕು ಹಂತ. ಕೋಲ್ಬರ್ಗ್: ಸರಿ ತಪ್ಪುಗಳ ತೀರ್ಮಾನ, ಮೂರು ಮಟ್ಟ, ಆರು ಹಂತ. ಎರಿಕ್‌ಸನ್: ಮನೋ-ಸಾಮಾಜಿಕ, ಎಂಟು ಹಂತ, ಸಾಯುವವರೆಗೆ. ನಾಲ್ವರಲ್ಲಿ ಮುಪ್ಪಿಗೂ ಒಂದು ಹಂತ ಕೊಟ್ಟವರು ಎರಿಕ್‌ಸನ್ ಒಬ್ಬರೇ. ಬಹು ಆಯ್ಕೆಯ ಪ್ರಶ್ನೆಯಲ್ಲಿ ವಯಸ್ಸಾದವರು ಕಂಡರೆ ಅನುಮಾನ ಬೇಡ.

ಇದು ಸಹಜ ಹಂತವೋ, ಸಹಾಯ ಬೇಕಾದ ತೊಂದರೆಯೋ – ಹೇಗೆ ತಿಳಿಯುವುದು?

ಹಂತದ ಹೆಸರು ಹುಡುಕಬೇಡಿ, ದಿನಚರಿ ನೋಡಿ. ಎರಡು ವಾರ ಮೀರಿ ನಿದ್ದೆ, ಊಟ, ಓದು, ಕೆಲಸ ಕೆಟ್ಟಿದ್ದರೆ, ಇಷ್ಟದ ಆಟವೂ ಬೇಡವಾದರೆ, ಮನೆಯವರ ಜೊತೆ ಮಾತೇ ನಿಂತರೆ, ಸಾಯುವ ಮಾತು ಒಮ್ಮೆ ಬಂದರೂ 'ವಯಸ್ಸಿನ ಗುಣ' ಎಂದು ಬಿಡಬೇಡಿ. ಚಿಕ್ಕ ಮಗು ಕಣ್ಣು ಕೂಡಿಸದಿದ್ದರೆ, ಕಲಿತ ಮಾತನ್ನು ಮರೆತರೆ ಮಕ್ಕಳ ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಅದಕ್ಕೆ ಮಾರ್ಗದರ್ಶನ ಬೆಂಗಳೂರಿನ ನಿಮ್ಹಾನ್ಸ್‌ನದು. ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ವಿಷಯವಾದರೆ ಎಲ್ಡರ್‌ಲೈನ್ 14567 ಕೂಡ ಇದೆ. ಮಕ್ಕಳು ತೊಂದರೆಯಲ್ಲಿದ್ದರೆ 1098.